ನೆಲದ ಮೇಲಿನ ವಾಯುಪಡೆ

ಮುಂಬಯಿಯ ಪಶ್ಚಿಮ ರೈಲುಮಾರ್ಗದ ವಿಲೆ ಪಾರ್ಲೆ ನಿಲ್ದಾಣದಲ್ಲಿ ಇಳಿಯುವ ಪ್ರಯಾಣಿಕನಿಗೆ ಎರಡು ವಿಮಾನ ನಿಲ್ದಾಣಗಳು ಕೈಯಳತೆಯಲ್ಲಿವೆ: ಹಳಿಯ ಪೂರ್ವಕ್ಕೆ ಹೊರಟರೆ ಹಗಲಿರುಳೆನ್ನದೆ ಗದ್ದಲವಿರುವ ಸಾಂತಾಕ್ರೂಜ್, ಪಶ್ಚಿಮಕ್ಕೆ, ಕಡಲಿನ ಕಡೆಗೆ ನಡೆದರೆ ಹೆಲಿಕಾಪ್ಟರುಗಳು ಎದ್ದಿಳಿಯುವ ಹೊತ್ತು ಬಿಟ್ಟರೆ ಉಳಿದಂತೆ ಹುಲ್ಲುಗಾವಲಿನ ಹಾಗೆ ಬಿದ್ದಿರುವ ಜುಹು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಇವೆರಡೂ ಸೈನಿಕ ನೆಲೆಗಳಾಗಿದ್ದವು ಎಂಬುದನ್ನು ತಿಳಿಸುವ ಗುರುತು ಇಂದು ದಾರಿಹೋಕನ ಕಣ್ಣಿಗೆ ಬೀಳುವಂತೆ ಎಲ್ಲಿಯೂ ಇಲ್ಲ. ಆದರೂ ಆ ಕಾಲದ ವಾಯುಪಡೆಯ ದೈನಂದಿನ ಬದುಕನ್ನು ಅರಿಯಬೇಕೆನ್ನುವವನು ನಡೆಯಬೇಕಾದದ್ದು ಇವೆರಡರ ನಡುವಿನ ಈ ದಾರಿಯನ್ನೇ. ಸಿನಿಮಾಗಳು ತೋರಿಸಿದ ಆಕಾಶದ ಕಾದಾಟವನ್ನು ತಲೆಯಲ್ಲಿ ತುಂಬಿಕೊಂಡು ಬಂದವನಿಗೆ ಇಲ್ಲಿ ಮೊದಲು ಸಿಗುವುದು ಕೆಸರು. ಅದು ಅನುಚಿತವೂ ಅಲ್ಲ, ಏಕೆಂದರೆ ಯುದ್ಧಕಾಲದ ವಿಮಾನದಳವೊಂದರ ದಿನದ ಬಹುಪಾಲು ಕಳೆಯುತ್ತಿದ್ದದ್ದು ಮೇಲೆ ಅಲ್ಲ, ಕೆಳಗೆ, ಮಣ್ಣು, ಎಣ್ಣೆ, ಕಾಗದ ಮತ್ತು ಕಾಯುವಿಕೆಗಳ ನಡುವೆ.

ಜುಹು ಮೂಲತಃ ಸಾಲ್ಸೆಟ್ ದ್ವೀಪದ ಪಶ್ಚಿಮಕ್ಕೆ ಚಾಚಿಕೊಂಡಿದ್ದ ಒಂದು ಮರಳದಿಬ್ಬ, ಅಂದರೆ ಇಳಿತದ ಹೊತ್ತಿನಲ್ಲಿ ಕಾಲ್ನಡಿಗೆಯಲ್ಲೇ ದಾಟಿಹೋಗಬಹುದಾಗಿದ್ದ, ಉಬ್ಬರ ಬಂದಾಗ ನೀರು ಸುತ್ತುವರಿಯುತ್ತಿದ್ದ ಕಿರುದ್ವೀಪ. ಆ ದಿಬ್ಬಕ್ಕೂ ಒಳನಾಡಿಗೂ ನಡುವಿನ ತಗ್ಗುನೆಲದಲ್ಲೇ 1928ರಲ್ಲಿ ವಿಮಾನದ ಮೈದಾನವೊಂದು ತಲೆಯೆತ್ತಿತು. ಬಾಂಬೆ ಫ್ಲೈಯಿಂಗ್ ಕ್ಲಬ್ ಅಲ್ಲಿ ತರಬೇತಿ ಆರಂಭಿಸಿತು, ಮರುವರ್ಷ ಫೆಬ್ರವರಿ 10ರಂದು ಭಾರತದಲ್ಲಿ ಕೊಡಲಾದ ಮೊದಲ ಪೈಲಟ್ ಪರವಾನಗಿಯನ್ನು ಜೆ.ಆರ್.ಡಿ. ಟಾಟಾ ಪಡೆದರು. 1932ರ ಅಕ್ಟೋಬರ್ 15ರಂದು ಅವರೇ ಕರಾಚಿಯಿಂದ ಅಹಮದಾಬಾದಿನ ಮೂಲಕ ಪುಸ್ ಮಾತ್ ಎಂಬ ಪುಟ್ಟ ವಿಮಾನದಲ್ಲಿ ಅಂಚೆ ಹೊತ್ತು ಜುಹುವಿನಲ್ಲಿ ಇಳಿದದ್ದು, ಅಲ್ಲಿಂದ ನೆವಿಲ್ ವಿನ್ಸೆಂಟ್ ಅದೇ ಅಂಚೆಯನ್ನು ಬಳ್ಳಾರಿಯ ಮಾರ್ಗವಾಗಿ ಮದರಾಸಿಗೆ ಒಯ್ದದ್ದು ವಿಮಾನಯಾನದ ಚರಿತ್ರೆಯಲ್ಲಿ ಎಲ್ಲರೂ ಹೇಳುವ ಮಾತು. ಅಷ್ಟಾಗಿ ಯಾರೂ ಹೇಳದ ಮಾತೆಂದರೆ, ಆ ಹಾರಾಟಕ್ಕೆ ಸರಿಯಾಗಿ ಒಂದು ವಾರ ಮೊದಲು, ಅಕ್ಟೋಬರ್ 8ರಂದು, ಭಾರತೀಯ ವಾಯುಪಡೆ ಕಾಯ್ದೆಬದ್ಧವಾಗಿ ಹುಟ್ಟಿತ್ತು. ಮರುವರ್ಷ ಏಪ್ರಿಲ್ 1ರಂದು ಕರಾಚಿಯ ಡ್ರಿಗ್ ರೋಡಿನಲ್ಲಿ ಅದರ ಮೊದಲ ಸ್ಕ್ವಾಡ್ರನ್ ನಾಲ್ಕು ವಾಪಿಟಿ ವಿಮಾನಗಳೊಡನೆ ಆರಂಭವಾಯಿತು.

ಸ್ಕ್ವಾಡ್ರನ್ ಎಂಬ ಪದವನ್ನು ಇಲ್ಲಿಯೇ ಬಿಡಿಸಿಡುವುದು ಒಳ್ಳೆಯದು. ಕಾಲಾಳು ಪಡೆಯಲ್ಲಿ ಬೆಟಾಲಿಯನ್ ಹೇಗೋ ವಾಯುಪಡೆಯಲ್ಲಿ ಸ್ಕ್ವಾಡ್ರನ್ ಹಾಗೆ; ತನ್ನದೇ ಸಂಖ್ಯೆ, ಲಾಂಛನ, ದಿನಚರಿ ಪುಸ್ತಕ ಮತ್ತು ಅಭಿಮಾನವುಳ್ಳ ಮೂಲ ಘಟಕ. ಯುದ್ಧವಿಮಾನಗಳ ಸ್ಕ್ವಾಡ್ರನ್ನಿನಲ್ಲಿ ಸಾಮಾನ್ಯವಾಗಿ ಹನ್ನೆರಡರಿಂದ ಹದಿನಾರು ವಿಮಾನಗಳಿರುತ್ತಿದ್ದವು, ಅವನ್ನು ಎ ಮತ್ತು ಬಿ ಎಂಬ ಎರಡು ಫ್ಲೈಟುಗಳಾಗಿ, ಅಂದರೆ ತುಕಡಿಗಳಾಗಿ, ಹಂಚಲಾಗುತ್ತಿತ್ತು. ಹಾರುವವರು ಇಪ್ಪತ್ತು ಇಪ್ಪತ್ತೈದು ಮಂದಿಯಾದರೆ ಹಾರಿಸುವವರು, ಅಂದರೆ ಎಂಜಿನ್ ಬಿಚ್ಚಿ ಜೋಡಿಸುವ ಫಿಟ್ಟರ್, ರೆಕ್ಕೆ ಒಡಲುಗಳನ್ನು ನೋಡಿಕೊಳ್ಳುವ ರಿಗ್ಗರ್, ಬಂದೂಕಿಗೆ ಗುಂಡಿನ ಪಟ್ಟಿ ತುಂಬುವ ಆರ್ಮರರ್, ನಿಸ್ತಂತು ಯಂತ್ರ ಸರಿಪಡಿಸುವವ, ಅಡುಗೆಯವ, ಗುಮಾಸ್ತ, ಇವರೆಲ್ಲ ಸೇರಿ ಅದರ ಎಷ್ಟೋ ಪಟ್ಟು. ಆರಂಭದ ದಿನಗಳಲ್ಲಿ ಭಾರತೀಯ ವಾಯುಪಡೆಯ ಇಂಥ ನೆಲದ ಸಿಬ್ಬಂದಿಯನ್ನು ‘ಹವಾಯಿ ಸಿಪಾಯಿ’ ಎಂದು ಕರೆಯುತ್ತಿದ್ದರು. ನೆಲ ಬಿಟ್ಟು ಏಳದವನಿಗೆ ಗಾಳಿಯ ಸಿಪಾಯಿ ಎಂಬ ಹೆಸರು ಕೊಟ್ಟವರಲ್ಲಿ ಹಾಸ್ಯಪ್ರಜ್ಞೆ ಇದ್ದಿರಲಾರದು, ಆದರೆ ಹೆಸರಿನಲ್ಲಿ ನ್ಯಾಯವಿತ್ತು.

1939ರಲ್ಲಿ ಯುದ್ಧ ಆರಂಭವಾದಾಗ ಭಾರತೀಯ ವಾಯುಪಡೆಯೆಂದರೆ ಆ ಒಂದೇ ಸ್ಕ್ವಾಡ್ರನ್. ದೇಶದ ಸಾವಿರಾರು ಮೈಲಿ ಕರಾವಳಿಯನ್ನು ನೋಡಿಕೊಳ್ಳಲು ಬೇರೆ ದಾರಿ ಕಾಣದೆ ಸರ್ಕಾರ ವಾಯುಪಡೆಯ ಸ್ವಯಂಸೇವಕ ಮೀಸಲು ದಳವನ್ನು ಕಟ್ಟಿ, ಬಂದರು ನಗರಗಳಲ್ಲಿ ಕರಾವಳಿ ರಕ್ಷಣಾ ಫ್ಲೈಟುಗಳನ್ನು ಸ್ಥಾಪಿಸಿತು. ಒಂದನೆಯದು ಮದರಾಸಿಗೆ, ಎರಡನೆಯದು ಮುಂಬಯಿಗೆ, ಮೂರನೆಯದು ಕಲ್ಕತ್ತೆಗೆ, ನಾಲ್ಕನೆಯದು ಕರಾಚಿಗೆ. ಮುಂಬಯಿಯ ಎರಡನೆಯ ಫ್ಲೈಟು ಜುಹುವಿನಲ್ಲಿ ನೆಲೆಗೊಂಡಿತು. ಇಲ್ಲಿಗೆ ಬಂದವರು ಪೂರ್ಣಕಾಲದ ಸೈನಿಕರಲ್ಲ; ಕ್ಲಬ್ಬುಗಳಲ್ಲಿ ವಾರಾಂತ್ಯಕ್ಕೆ ಹಾರಲು ಕಲಿತಿದ್ದ ತರುಣರೂ ವ್ಯಾಪಾರಿ ಕೋಠಿಗಳ ಐರೋಪ್ಯ ನೌಕರರೂ ಸಮವಸ್ತ್ರ ತೊಟ್ಟು ಸೈನಿಕರಾದವರು. ಅವರ ಕೈಗೆ ಬಂದದ್ದೂ ಅದೇ ವಾಪಿಟಿ, ಅಂದರೆ 1920ರ ದಶಕದಲ್ಲಿ ರೂಪುಗೊಂಡ, ಎರಡು ಅಂತಸ್ತಿನ ರೆಕ್ಕೆಗಳ, ತೆರೆದ ಕುಳಿಯ ವಿಮಾನ. ಮುಂದೆ ಪೈಲಟ್, ಹಿಂದೆ ಗಾಳಿಗೆ ಎದೆಯೊಡ್ಡಿ ನಿಂತ ಬಂದೂಕಿನವ. ಇಂಗ್ಲಿಷಿನಲ್ಲಿ ‘ಅಯ್ಯೋ ಪಾಪ’ ಎಂಬರ್ಥ ಬರುವಂತೆ ಅದರ ಹೆಸರನ್ನು ತಿರುಚಿ ‘ವಾಟ್ ಎ ಪಿಟಿ’ ಎಂದು ಗೇಲಿ ಮಾಡುತ್ತಿದ್ದವರು ಬೇರಾರೂ ಅಲ್ಲ, ಅದನ್ನು ಹಾರಿಸುತ್ತಿದ್ದವರೇ.

ಅವರ ಕೆಲಸ ಕೇಳಲು ಸರಳ: ಬಂದರಿನಿಂದ ಹೊರಡುವ, ಬಂದರಿಗೆ ಬರುವ ಹಡಗುಗಳ ಮೇಲೆ ಕಣ್ಣಿಟ್ಟು, ಶತ್ರುವಿನ ಜಲಾಂತರ್ಗಾಮಿಯ ಸುಳಿವು ಸಿಕ್ಕರೆ ವರದಿ ಮಾಡುವುದು. ಮಾಡಲು ಕಷ್ಟ. ಒಂಟಿ ಎಂಜಿನ್ನಿನ ವಿಮಾನ ದಡ ಕಾಣದಷ್ಟು ದೂರ ಹೋದಾಗ ಆ ಎಂಜಿನ್ ಒಂದು ಸಲ ಕೆಮ್ಮಿದರೂ ಒಳಗಿನ ಇಬ್ಬರಿಗೆ ಇಡೀ ಅರಬ್ಬೀ ಸಮುದ್ರ ಕಣ್ಣಮುಂದೆ ಬರುತ್ತಿತ್ತು. ಸಮುದ್ರದ ಮೇಲೆ ರಸ್ತೆಯಿಲ್ಲ, ರೈಲುಹಳಿಯಿಲ್ಲ, ದೇವಸ್ಥಾನದ ಗೋಪುರವಿಲ್ಲ. ದಿಕ್ಸೂಚಿ, ಗಡಿಯಾರ ಮತ್ತು ಗಾಳಿಯ ವೇಗದ ಅಂದಾಜು, ಈ ಮೂರರಿಂದಲೇ ತಾನೆಲ್ಲಿದ್ದೇನೆಂದು ಲೆಕ್ಕ ಹಾಕಬೇಕು. ಮಂಗಳೂರು ಹೆಂಚು ಹೊತ್ತು ತೆಂಕಣದಿಂದ ಬರುವ ಪತ್ತೇಮಾರಿಗಳು, ಮೀನುಗಾರರ ಮಚುವೆಗಳು, ಕೊಲ್ಲಿಯ ಕಡೆಯ ಧೌಗಳು ಈ ನೀರಿನಲ್ಲಿ ಯುದ್ಧವಿದ್ದರೂ ಓಡಾಡುತ್ತಲೇ ಇದ್ದುದರಿಂದ ಯಾವುದು ನಿತ್ಯದ್ದು, ಯಾವುದು ಅಸಹಜ ಎಂದು ಮೇಲಿನಿಂದ ಗುರುತಿಸುವುದೇ ಒಂದು ಪಾಠ. ದೇಶದ ಎಲ್ಲ ನೆಲೆಗಳಲ್ಲಿಯೂ ಗೋಡೆಯ ಮೇಲೆ ವಿಮಾನಗಳ, ಹಡಗುಗಳ ಕಪ್ಪು ನೆರಳುಚಿತ್ರಗಳನ್ನು ಅಂಟಿಸಿ, ಕ್ಷಣಮಾತ್ರ ತೋರಿಸಿ ಹೆಸರು ಹೇಳಿಸುವ ಅಭ್ಯಾಸ ನಡೆಯುತ್ತಿತ್ತು. ಶಾಲೆಯ ಮಕ್ಕಳಿಗೆ ಮಗ್ಗಿ ಹೇಗೋ ಇವರಿಗೆ ಇದು ಹಾಗೆ.

ಮೇಲಿನ ಯುದ್ಧ ಹೀಗಾದರೆ ಕೆಳಗಿನದು ನೀರಿನೊಡನೆ. ಮಳೆಗಾಲದಲ್ಲಿ ಜುಹುವಿನ ಮೈದಾನ ಕೆರೆಯಾಗುತ್ತಿತ್ತು, ಪಕ್ಕದ ಇರ್ಲಾ ನಾಲೆಯ ನೀರಿಗೆ ಉಬ್ಬರದ ನೀರು ಅಡ್ಡನಿಂತರೆ ಹರಿಯಲು ಜಾಗವಿರುತ್ತಿರಲಿಲ್ಲ. ಟಾಟಾ ಕಂಪನಿ ಯುದ್ಧಕ್ಕೆ ಮೊದಲೇ ಪ್ರತಿ ಮಳೆಗಾಲದಲ್ಲೂ ತನ್ನ ಸಂಸಾರವನ್ನೆಲ್ಲ ಕಟ್ಟಿಕೊಂಡು ಪುಣೆಗೆ ಗುಳೆ ಹೋಗುತ್ತಿದ್ದದ್ದು ಇದೇ ಕಾರಣಕ್ಕೆ. ವಿಮಾನ ನಿಲ್ದಾಣವೊಂದು ಜೂನ್ ತಿಂಗಳಿಗೆ ಬಾಗಿಲು ಹಾಕುತ್ತದೆ ಎಂಬುದನ್ನು ವ್ಯಾಪಾರ ಸಹಿಸಿಕೊಂಡೀತು, ಯುದ್ಧ ಸಹಿಸದು. ಜುಹುವಿನ ಪೂರ್ವಕ್ಕೆ, ಹಳಿಯ ಆಚೆ, ಎತ್ತರದ ಗಟ್ಟಿನೆಲದಲ್ಲಿ ಬ್ರಿಟಿಷ್ ವಾಯುಪಡೆ ಸಾಂತಾಕ್ರೂಜ್ ನೆಲೆಯನ್ನು ಬೆಳೆಸಿದ್ದರ ಹಿಂದೆ ಈ ಕೆಸರಿನ ಪಾಲು ಸಣ್ಣದಲ್ಲವೆಂದು ಎರಡೂ ಜಾಗವನ್ನು ಮಳೆಯಲ್ಲಿ ನೋಡಿದವರು ಒಪ್ಪುತ್ತಾರೆ.

ನೆಲೆ ಕೆಸರಿನದಿರಲಿ, ಗಟ್ಟಿನೆಲದ್ದಿರಲಿ, ಯುದ್ಧವಿಮಾನ ಸ್ಕ್ವಾಡ್ರನ್ನೊಂದರ ತರಬೇತಿಯ ದಿನ ಎಲ್ಲ ಕಡೆಯೂ ಬಹುಮಟ್ಟಿಗೆ ಒಂದೇ ಅಚ್ಚಿನದು, ಭಾರತದಲ್ಲಿ ಅದಕ್ಕೆ ಬಿಸಿಲಿನ ಒಂದು ತಿದ್ದುಪಡಿ ಇತ್ತು. ಹತ್ತು ಗಂಟೆಯ ಹೊತ್ತಿಗೆ ವಿಮಾನದ ಲೋಹದ ಹೊದಿಕೆ ಕೈ ಇಟ್ಟರೆ ಸುಡುವಷ್ಟು ಕಾಯುತ್ತಿದ್ದುದರಿಂದ ಕೆಲಸವೆಲ್ಲ ಕೋಳಿ ಕೂಗುವ ಮೊದಲು ಶುರುವಾಗಿ ಮಧ್ಯಾಹ್ನಕ್ಕೆ ಮುಗಿಯಬೇಕು. ನಸುಕಿನಲ್ಲಿ ಸಿಬ್ಬಂದಿ ರೆಕ್ಕೆಯ ಮೇಲಿನ ಕ್ಯಾನ್ವಾಸ್ ಹೊದಿಕೆ ಎಳೆದು ಇಬ್ಬನಿ ಕೊಡವುತ್ತಿದ್ದರು, ಟ್ಯಾಂಕಿನ ತಳದ ನಲ್ಲಿಯಿಂದ ತುಸು ಪೆಟ್ರೋಲ್ ಹರಿಯಬಿಟ್ಟು ಅದರಲ್ಲಿ ನೀರು ಸೇರಿದೆಯೇ ಎಂದು ನೋಡುತ್ತಿದ್ದರು, ಚಕ್ರಗಳಿಗೆ ಕೊಟ್ಟ ಮರದ ಅಡ್ಡೆ ಭದ್ರವಾಗಿದೆಯೇ ಎಂದು ಕಾಲಿನಿಂದ ಒದ್ದು ಪರೀಕ್ಷಿಸುತ್ತಿದ್ದರು. ಟೈಗರ್ ಮಾತ್‌ನಂಥ ತರಬೇತಿ ವಿಮಾನವಾದರೆ ಎಂಜಿನ್ನಿಗೆ ಚಾಲನೆ ಕೊಡುವುದೂ ಕೈಯಿಂದಲೇ. ‘ಸ್ವಿಚ್ ಆಫ್’ ಎಂದು ಕೆಳಗಿನವ ಕೂಗಿ, ಒಳಗಿನವ ಅದನ್ನೇ ಮರಳಿ ಕೂಗಿದ ಮೇಲೆ ಪ್ರೊಪೆಲ್ಲರನ್ನು ನಾಲ್ಕಾರು ಸುತ್ತು ತಿರುಗಿಸಿ ಇಂಧನ ಒಳಗೆಳೆಸಬೇಕು. ಆಮೇಲೆ ‘ಕಾಂಟ್ಯಾಕ್ಟ್’ ಎಂದು ಕೂಗಿ ಮರದ ಆ ಅಲಗನ್ನು ಜಗ್ಗಿ, ಜಗ್ಗಿದ ಚಲನೆಯಲ್ಲೇ ಮೈಯನ್ನು ಹಿಂದಕ್ಕೆ ಎಳೆದುಕೊಳ್ಳಬೇಕು. ಆ ಒಂದು ಹೆಜ್ಜೆ ತಪ್ಪಿದವನಿಗೆ ಯುದ್ಧ ಅಲ್ಲಿಗೇ ಮುಗಿಯುತ್ತಿತ್ತು.

ಇಷ್ಟಾದ ಮೇಲೂ ವಿಮಾನ ಏಳುವಂತಿಲ್ಲ, ಸಹಿಯಾಗಬೇಕು. ಪ್ರತಿ ವಿಮಾನಕ್ಕೂ ಒಂದು ದಪ್ಪ ರಟ್ಟಿನ ಕಡತ, ವಾಯುಪಡೆಯ ಭಾಷೆಯಲ್ಲಿ ‘ಫಾರ್ಮ್ 700’. ಅದರಲ್ಲಿ ದಿನದ ತಪಾಸಣೆ ಮುಗಿಸಿದ ಫಿಟ್ಟರ್ ಎಂಜಿನ್ನಿಗೆ, ರಿಗ್ಗರ್ ಒಡಲಿಗೆ, ಆರ್ಮರರ್ ಬಂದೂಕಿಗೆ, ನಿಸ್ತಂತು ಮೆಕ್ಯಾನಿಕ್ ರೇಡಿಯೋಗೆ, ಹೀಗೆ ಒಬ್ಬೊಬ್ಬನೂ ತನ್ನ ತನ್ನ ಚೌಕದಲ್ಲಿ ಹೆಸರು ಬರೆಯಬೇಕು, ಕಟ್ಟಕಡೆಗೆ ಪೈಲಟ್ ಅದನ್ನೆಲ್ಲ ಓದಿ ವಿಮಾನವನ್ನು ವಹಿಸಿಕೊಂಡದ್ದಕ್ಕೆ ತನ್ನ ಸಹಿ ಹಾಕಬೇಕು. ಎಣ್ಣೆಯ ಹೆಬ್ಬೆಟ್ಟಿನ ಗುರುತು ಮೂಡಿದ ಆ ಪುಟಗಳಲ್ಲಿ ಪೈಲಟ್ಟಿನ ಹೆಸರು ಕೊನೆಯದು. ವಿಮಾನವೊಂದು ಬಿದ್ದಾಗ ಅಧಿಕಾರಿಗಳು ಮೊದಲು ಬೀಗ ಹಾಕಿ ಎತ್ತಿಡುತ್ತಿದ್ದದ್ದು ಇದೇ ಕಡತವನ್ನಾದ್ದರಿಂದ ಹಾರುವವನ ಪ್ರಾಣಕ್ಕೂ ನೆಲದವನ ಮರ್ಯಾದೆಗೂ ಗಂಟು ಬಿದ್ದಿದ್ದದ್ದು ಇಲ್ಲಿ. ಶೌರ್ಯದ ಪದಕಗಳ ಪಟ್ಟಿ ಎಲ್ಲ ಗ್ರಂಥಗಳಲ್ಲಿಯೂ ಸಿಗುತ್ತದೆ. ಈ ಸಹಿಗಳನ್ನು ಕುರಿತು ಬರೆದವರು ಕಡಿಮೆ.

ಹಾರಾಟದ ಪಾಠಗಳಲ್ಲಿ ಗುರಿ ಹೊಡೆಯುವುದೇ ಎಲ್ಲಕ್ಕಿಂತ ಬಿಗಿಯಾದದ್ದು. ಒಂದು ವಿಮಾನ ಉದ್ದನೆಯ ಹಗ್ಗದ ತುದಿಗೆ ಬಟ್ಟೆಯ ಕೊಳವೆಯೊಂದನ್ನು ಕಟ್ಟಿಕೊಂಡು ಸಮುದ್ರದ ಮೇಲೆ ಎಳೆದೊಯ್ಯುತ್ತಿತ್ತು. ಇದಕ್ಕೆ ಡ್ರೋಗ್ ಎಂದು ಹೆಸರು. ಉಳಿದವರು ಸರದಿಯಂತೆ ಪಕ್ಕದಿಂದ ಎರಗಿ ಅದಕ್ಕೆ ಹೊಡೆಯಬೇಕು. ಒಬ್ಬೊಬ್ಬನ ಗುಂಡಿನ ಮೂತಿಗೂ ಬೇರೆ ಬೇರೆ ಬಣ್ಣ ಹಚ್ಚಿರುತ್ತಿದ್ದುದರಿಂದ ಕೆಳಗಿಳಿದ ಮೇಲೆ ಬಟ್ಟೆಯನ್ನು ಹುಲ್ಲಿನ ಮೇಲೆ ಹಾಸಿ ಕೆಂಪು ತೂತೆಷ್ಟು, ನೀಲಿ ತೂತೆಷ್ಟು ಎಂದು ಎಣಿಸುತ್ತಿದ್ದರು. ನೂರಾರು ಗುಂಡು ಹಾರಿಸಿ ಬಂದವನ ಬಣ್ಣ ಬಟ್ಟೆಯ ಮೇಲೆ ಎಲ್ಲಿಯೂ ಇಲ್ಲದಿರುವುದು ಅಪರೂಪವಲ್ಲ. ಚಲಿಸುವ ಗುರಿಯತ್ತ ಅಲ್ಲ, ಅದು ಇನ್ನೆರಡು ಕ್ಷಣಕ್ಕೆ ತಲುಪಲಿರುವ ಖಾಲಿ ಜಾಗದತ್ತ ಹೊಡೆಯಬೇಕೆಂಬ ಈ ಲೆಕ್ಕ ಮೈಗೂಡಲು ತಿಂಗಳುಗಳೇ ಬೇಕು. ಚಿನ್ನಿದಾಂಡು ಆಡಿ ಬೆಳೆದವನಿಗೆ ಪುಸ್ತಕ ಓದಿ ಬಂದವನಿಗಿಂತ ಇದು ಬೇಗ ತಿಳಿದಿರಬಹುದು ಎಂದು ಊಹಿಸಿದರೆ ಅತಿಶಯವಾಗದು.

ಹಾರಾಟವಿಲ್ಲದ ಹೊತ್ತಿಗೆ ಲಿಂಕ್ ಟ್ರೇನರ್ ಎಂಬ ಪೆಟ್ಟಿಗೆ ಕಾಯುತ್ತಿತ್ತು, ಅಂದರೆ ಮೊಂಡು ರೆಕ್ಕೆಗಳ ಆಟಿಕೆಯಂತೆ ಕಾಣುವ, ಒಳಗೆ ಕುಳಿತು ಮುಚ್ಚಳ ಹಾಕಿಕೊಂಡರೆ ಹೊರಗಿನದೇನೂ ಕಾಣದ, ಮುಳ್ಳುಗಳನ್ನಷ್ಟೇ ನಂಬಿ ‘ಹಾರ’ಬೇಕಾದ ಯಂತ್ರ. ಸೆಕೆಯ ಮಧ್ಯಾಹ್ನ ಅದರೊಳಗೆ ಕುಳಿತವನ ಸ್ಥಿತಿಯನ್ನು ಮುಂಬಯಿಯ ಮೇ ತಿಂಗಳನ್ನು ಬಲ್ಲವರಿಗೆ ವರ್ಣಿಸಬೇಕಾಗಿಲ್ಲ. ಪ್ಯಾರಾಚೂಟ್ ವಿಭಾಗದ ಕೆಲಸಕ್ಕೆ ಕರಾವಳಿಯ ತೇವವೇ ಶತ್ರು. ಗಂಟುಕಟ್ಟಿಟ್ಟ ರೇಷ್ಮೆ ಬೂಷ್ಟು ಹಿಡಿದರೆ ತೆರೆಯಬೇಕಾದ ಹೊತ್ತಿಗೆ ತೆರೆಯದು, ಆದ್ದರಿಂದ ನಿಗದಿತ ಅವಧಿಗೊಮ್ಮೆ ಪ್ರತಿಯೊಂದನ್ನೂ ಬಿಚ್ಚಿ, ಎತ್ತರದಿಂದ ಜೋತುಬಿಟ್ಟು, ಗಾಳಿಗೆ ಒಣಗಿಸಿ, ಉದ್ದನೆಯ ಮೇಜಿನ ಮೇಲೆ ಮಡಿಕೆ ಮಡಿಕೆಯಾಗಿ ಮಡಚಿ, ದಿನಾಂಕ ಬರೆದು ಕಟ್ಟಬೇಕು. ಮದುವೆ ಮನೆಯಲ್ಲಿ ಹಿರಿಯರು ಸೀರೆ ಮಡಚುವಷ್ಟೇ ನಿಧಾನ ಅದಕ್ಕೆ ಬೇಕು. ಸಂಜೆಗೆ ದಳದ ಗುಮಾಸ್ತೆಗಾರಿಕೆ ನೋಡಿಕೊಳ್ಳುವ ಅಧಿಕಾರಿ, ಅಂದರೆ ಅಡ್ಜುಟೆಂಟ್, ಕಾರ್ಯಾಚರಣೆಯ ದಾಖಲೆ ಪುಸ್ತಕದಲ್ಲಿ ಆ ದಿನದ ಸಂಗತಿಯನ್ನು ಬರೆಯುತ್ತಿದ್ದ. ಹವೆ ಹೇಗಿತ್ತು, ಎಷ್ಟು ಗಂಟೆ ಹಾರಾಟವಾಯಿತು, ಯಾರು ರಜೆಯ ಮೇಲೆ ಹೋದರು, ಯಾರು ಮಲೇರಿಯಾದಿಂದ ಆಸ್ಪತ್ರೆ ಸೇರಿದರು. ತರಬೇತಿಯ ತಿಂಗಳುಗಳಲ್ಲಿ ಇಂಥ ಪುಸ್ತಕಗಳ ಪುಟ ತುಂಬುವುದು ಈ ಬಗೆಯ ಸಂಗತಿಗಳಿಂದಲೇ, ಶತ್ರುವಿನ ಹೆಸರು ಅವುಗಳಲ್ಲಿ ವಾರಗಟ್ಟಲೆ ಬರುವುದಿಲ್ಲ.

ಪೈಲಟ್ ಆಗಬೇಕೆಂದು ಮುಂಬಯಿಯಿಂದ ಹೊರಟ ತರುಣನ ದಾರಿಯೂ ಹೆಚ್ಚಿನ ಮಟ್ಟಿಗೆ ರೈಲಿನದೇ. ಲಾಹೋರಿನ ವಾಲ್ಟನ್‌ನಲ್ಲಿ ಕವಾಯತು ಮತ್ತು ತರಗತಿಯ ಪಾಠ, ಹೈದರಾಬಾದಿನ ಬೇಗಂಪೇಟೆ ಅಥವಾ ಜೋಧಪುರದಲ್ಲಿ ಟೈಗರ್ ಮಾತ್, ಅಂಬಾಲದಲ್ಲಿ ಹಾರ್ವರ್ಡ್ ಎಂಬ ಅಬ್ಬರದ ಲೋಹದ ವಿಮಾನ, ಕೊನೆಗೆ ವಾಯವ್ಯ ಗಡಿಯ ರಿಸಾಲ್‌ಪುರ ಅಥವಾ ಪೇಶಾವರದಲ್ಲಿ ಹರಿಕೇನ್ ಯುದ್ಧವಿಮಾನ. ಈ ಕೊನೆಯ ಮಜಲಿಗೆ ಕಾರ್ಯಾಚರಣಾ ತರಬೇತಿ ಘಟಕವೆಂದು ಹೆಸರು. ಹರಿಕೇನಿನಲ್ಲಿ ಒಬ್ಬನಿಗೇ ಜಾಗ. ಕಲಿಸುವವನು ಪಕ್ಕದಲ್ಲಿ ಕೂರುವಂತಿಲ್ಲ, ಪುಸ್ತಕ ಓದಿ, ಕಣ್ಣುಮುಚ್ಚಿ ಗುಂಡಿಗಳನ್ನೆಲ್ಲ ಮುಟ್ಟಿ ತೋರಿಸಿ, ಮೊದಲ ಸಲ ಏರಿದಾಗಲೇ ಒಂಟಿಯಾಗಿ ಏರಬೇಕು.

ಈ ನಗರ ವಾಯುಪಡೆಗೆ ಎಲ್ಲಕ್ಕಿಂತ ಧಾರಾಳವಾಗಿ ಕೊಟ್ಟದ್ದು ಹಣ. ಬಾಂಬೆ ವಾರ್ ಗಿಫ್ಟ್ಸ್ ಫಂಡ್ ಎಂಬ ಯುದ್ಧನಿಧಿಗೆ ಸೇರಿದ ವಂತಿಗೆಯಿಂದ ಹನ್ನೆರಡು ಲೈಸ್ಯಾಂಡರ್ ವಿಮಾನಗಳನ್ನು, ಅಂದರೆ ಇಡೀ ಸ್ಕ್ವಾಡ್ರನ್ನಿಗೆ ಸಾಕಾಗುವಷ್ಟನ್ನು, 1941ರ ನವೆಂಬರಿನಲ್ಲಿ ಪೇಶಾವರದಲ್ಲಿ ಒಂದನೆಯ ಸ್ಕ್ವಾಡ್ರನ್ನಿಗೆ ಒಪ್ಪಿಸಲಾಯಿತು. ತಲೆಯ ಮೇಲೆ ರೆಕ್ಕೆಯಿರುವ, ಗಿಡ್ಡ ಮೈದಾನದಲ್ಲೂ ಇಳಿಯಬಲ್ಲ ಈ ವಿಮಾನ ಭೂಸೇನೆಗೆ ಕಣ್ಣಾಗಲು ಹುಟ್ಟಿದ್ದೇ ಹೊರತು ಕಾದಾಡಲು ಅಲ್ಲ. ಆದರೂ 1942ರ ಫೆಬ್ರವರಿಯಲ್ಲಿ ಸ್ಕ್ವಾಡ್ರನ್ ಬರ್ಮಾದ ಟೌಂಗೂ ತಲುಪಿದ ಬೆನ್ನಿಗೇ ಜಪಾನೀಯರು ಆ ನೆಲೆಯ ಮೇಲೆ ಬಾಂಬು ಹಾಕಿದಾಗ, ದಳದ ನಾಯಕ ಕೆ.ಕೆ. ಮಜುಂದಾರ್ ಅದೇ ವಿಮಾನದ ಚಕ್ರಗಳ ಪಕ್ಕದ ಮೊಂಡುಚಾಚುಗಳಿಗೆ ಬಾಂಬು ನೇತುಹಾಕಿಸಿ ಶತ್ರುವಿನ ವಿಮಾನ ನೆಲೆಗೇ ಹೊಡೆದು ಬಂದರು. ಹಾಗೆ ನೇತುಹಾಕುವ ಕೊಂಡಿಗಳನ್ನು ಹೊಂದಿಸಿದವರು ಹವಾಯಿ ಸಿಪಾಯಿಗಳ ಪೀಳಿಗೆಯವರು. ಬರ್ಮಾದಿಂದ ಮರಳಿದ ಆ ಸ್ಕ್ವಾಡ್ರನ್ ಹರಿಕೇನುಗಳಿಗೆ ಬದಲಾಗಿ ಮತ್ತೆ ಕಲಿಕೆಗೆ ಕುಳಿತು, 1944ರ ಫೆಬ್ರವರಿಯಲ್ಲಿ ಅರ್ಜನ್ ಸಿಂಗ್ ನಾಯಕತ್ವದಲ್ಲಿ ಇಂಫಾಲಕ್ಕೆ ಹೋಗುವವರೆಗೆ ಒಂದೂವರೆ ವರ್ಷಕ್ಕೂ ಹೆಚ್ಚು ಕಾಲ ದೇಶದ ನೆಲೆಯಿಂದ ನೆಲೆಗೆ ಅಲೆಯಿತು. ಜುಹುವಿನ ಕರಾವಳಿ ಫ್ಲೈಟಿನಂಥವು ಅಷ್ಟರಲ್ಲಿ ಕರಗಿಹೋಗಿದ್ದವು. 1942ರ ಡಿಸೆಂಬರ್ 1ರಂದು ಹುಟ್ಟಿದ ಏಳನೆಯ ಮತ್ತು ಎಂಟನೆಯ ಸ್ಕ್ವಾಡ್ರನ್ನುಗಳಿಗೆ ಇಂಥ ಫ್ಲೈಟುಗಳ ಅನುಭವಿಗಳು ಅಡಿಪಾಯವಾದರು.

ಹಳಿ ದಾಟಿ ಪೂರ್ವಕ್ಕೆ ಬಂದರೆ ದೃಶ್ಯ ಬದಲಾಗುತ್ತದೆ. ಇಕ್ಕಟ್ಟು ಗಲ್ಲಿಗಳ ಮೇಲೆ ಒಂದರ ಹಿಂದೊಂದು ವಿಮಾನಗಳು ಬಟ್ಟೆ ಒಣಹಾಕುವ ತಂತಿಗೆ ತಾಗುವವೇನೋ ಎನ್ನುವಷ್ಟು ತಗ್ಗಿ ಇಳಿಯುತ್ತವೆ. 1942ರಿಂದ 1947ರವರೆಗೆ 1,500 ಎಕರೆಯಷ್ಟು ಹರಡಿದ್ದ ಇಲ್ಲಿನ ನೆಲೆಯಲ್ಲಿ ಬ್ರಿಟಿಷ್ ವಾಯುಪಡೆಯ ಹಲವು ಸ್ಕ್ವಾಡ್ರನ್ನುಗಳು ತಂಗಿಹೋದವು. 1943ರ ಕೊನೆಯಲ್ಲಿ ಬಂದ 203ನೆಯ ಸ್ಕ್ವಾಡ್ರನ್ ವೆಲಿಂಗ್ಟನ್ ಎಂಬ ಎರಡೆಂಜಿನ್ನಿನ ವಿಮಾನಗಳಲ್ಲಿ, ಜುಹುವಿನ ವಾಪಿಟಿಗಳು ಆರಂಭಿಸಿದ್ದ ಸಮುದ್ರದ ಕಾವಲನ್ನೇ, ಎಷ್ಟೋ ಪಟ್ಟು ದೂರದವರೆಗೆ ಮುಂದುವರಿಸಿತು. ಯುದ್ಧ ಮುಗಿದ ಮೇಲೆ ಇಲ್ಲಿನ ಹ್ಯಾಂಗರುಗಳೇ, ಅಂದರೆ ವಿಮಾನ ನಿಲ್ಲಿಸುವ ಕೊಟ್ಟಿಗೆಗಳೇ, ನಾಗರಿಕ ಪ್ರಯಾಣಿಕರ ಮೊದಲ ಟರ್ಮಿನಲ್ಲಾದವು. ಎರಡು ನಿಲ್ದಾಣಗಳು ಇಷ್ಟು ಹತ್ತಿರವಿರುವುದರ ಫಲವನ್ನು ಮುಂದಿನ ಪೈಲಟ್ಟುಗಳೂ ಉಂಡರು: 1953ರ ಜುಲೈನಲ್ಲಿ ಒಂದು ಕಾಮೆಟ್ ಜೆಟ್, 1972ರ ಸೆಪ್ಟೆಂಬರಿನಲ್ಲಿ ಜಪಾನಿನ ಒಂದು ಡಿಸಿ-8, ಸಾಂತಾಕ್ರೂಜ್ ಎಂದು ಭ್ರಮಿಸಿ ಜುಹುವಿನ ಗಿಡ್ಡ ಓಡುದಾರಿಯಲ್ಲಿ ಇಳಿದುಬಿಟ್ಟವು.

ಮುಂಬಯಿಯ ಈ ಯುದ್ಧಕಥೆಯ ಮತ್ತೊಂದು ಕೊನೆ ನಗರದ ದಕ್ಷಿಣದ ಬಂದರಿನಲ್ಲಿದೆ. 1944ರ ಫೆಬ್ರವರಿ 24ರಂದು ಇಂಗ್ಲೆಂಡಿನ ಬರ್ಕನ್‌ಹೆಡ್ಡಿನಿಂದ ಹೊರಟ ಫೋರ್ಟ್ ಸ್ಟಿಕಿನ್ ಹಡಗಿನಲ್ಲಿ ಸುಮಾರು 1,400 ಟನ್ ಸಿಡಿಮದ್ದಿನ ಜೊತೆಗೆ, ಬಿಡಿಭಾಗಗಳಾಗಿ ಪೆಟ್ಟಿಗೆಗಳಲ್ಲಿ ತುಂಬಿದ ಸ್ಪಿಟ್‌ಫೈರ್ ಯುದ್ಧವಿಮಾನಗಳೂ ಇದ್ದವು. ವಿಮಾನಗಳನ್ನು ಕರಾಚಿಯಲ್ಲಿ ಇಳಿಸಿ, ತೆರವಾದ ಜಾಗದಲ್ಲಿ ಹತ್ತಿಯ ಬೇಲುಗಳನ್ನು ತುಂಬಲಾಯಿತು. ಏಪ್ರಿಲ್ 14ರಂದು ವಿಕ್ಟೋರಿಯಾ ಡಾಕಿನಲ್ಲಿ ಆ ಹತ್ತಿಗೇ ಬೆಂಕಿ ಹತ್ತಿ, ಸಂಜೆ 4 ಗಂಟೆ 6 ನಿಮಿಷಕ್ಕೆ ಹಡಗು ಸಿಡಿದಾಗ ಬಂದರಿನ ಗಡಿಯಾರ ಅಲ್ಲಿಗೇ ನಿಂತಿತು, ಶಿಮ್ಲಾದ ಭೂಕಂಪಮಾಪಕ ಅದನ್ನು ದಾಖಲಿಸಿತು, ನೂರಾರು ಜನರ ಜೊತೆ ಅಗ್ನಿಶಾಮಕ ದಳದ 66 ಮಂದಿ ಸತ್ತರು. ಶತ್ರುವಿನ ಬಾಂಬು ಒಂದೂ ಬೀಳದ ಮುಂಬಯಿ ಯುದ್ಧವನ್ನು ಕಂಡದ್ದು ಸರಕು ತುಂಬುವವರ ಒಂದು ತಪ್ಪು ಲೆಕ್ಕದ ರೂಪದಲ್ಲಿ.

ಬಂದರಿಗೆ ಅಂಟಿಕೊಂಡ ಬಲಾರ್ಡ್ ಎಸ್ಟೇಟಿನ ಕಟ್ಟಡಗಳಿಂದ ಕನ್ನಡ ನಾಡಿಗೆ ಒಂದು ದಾರಿ ಹೊರಡುತ್ತದೆ. ಅಲ್ಲಿ ವ್ಯವಹಾರ ನಡೆಸುತ್ತಿದ್ದ ಉದ್ಯಮಿ ವಾಲ್‌ಚಂದ್ ಹೀರಾಚಂದ್ ಅವರೇ ಮೈಸೂರು ಸರ್ಕಾರದ ಪಾಲುದಾರಿಕೆಯಲ್ಲಿ 1940ರ ಡಿಸೆಂಬರ್ 23ರಂದು ಬೆಂಗಳೂರಿನಲ್ಲಿ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಂಪನಿಯನ್ನು ಸ್ಥಾಪಿಸಿದವರು. ಆ ನಗರದ ಉತ್ತರಕ್ಕಿರುವ ಯಲಹಂಕದಲ್ಲಿ 1944ರ ಜೂನ್ ಹೊತ್ತಿಗೆ ನಡೆದದ್ದು ಈ ಪ್ರಬಂಧದ ವಸ್ತುವಿಗೆ ಇನ್ನೂ ಹತ್ತಿರದ್ದು. ಹರಿಕೇನುಗಳಲ್ಲಿ ಬರ್ಮಾ ಗಡಿಯನ್ನು ಕಂಡು ಬಂದ ಸ್ಕ್ವಾಡ್ರನ್ನುಗಳು ಅಲ್ಲಿ ಸರದಿಯಂತೆ ತಂಗಿ, ಹರಿಕೇನಿನ ಸುಮಾರು ಇಮ್ಮಡಿ ತೂಕದ, 2,000 ಅಶ್ವಶಕ್ತಿಯ ಥಂಡರ್‌ಬೋಲ್ಟ್ ಎಂಬ ಅಮೆರಿಕನ್ ವಿಮಾನವನ್ನು ಹಾರಿಸಲು ಕಲಿತವು. ನುರಿತವರು ಮತ್ತೆ ವಿದ್ಯಾರ್ಥಿಗಳಾಗಿ ಕೂರುವ ಈ ಬಗೆಯ ತರಬೇತಿಗೆ ಪರಿವರ್ತನೆ ಎಂದು ಹೆಸರು, ಹೊಸಬನಿಗೆ ಕಲಿಸುವುದಕ್ಕಿಂತ ಹಳಬನಿಗೆ ಹಳೆಯದನ್ನು ಮರೆಸುವುದು ಕಷ್ಟವೆಂಬುದು ಅದರಲ್ಲಿ ಕೂತೆದ್ದವರೆಲ್ಲ ಬಲ್ಲ ಮಾತು.

ಹೆಸರಿನ ಋಣವೂ ಇತ್ತು. ಮೈಸೂರು ಸಂಸ್ಥಾನದ ಧನಸಹಾಯಕ್ಕಾಗಿ 1941ರ ಜೂನಿನಲ್ಲಿ ಇಂಗ್ಲೆಂಡಿನ ಲೆಕನ್‌ಫೀಲ್ಡಿನಲ್ಲಿ ಹುಟ್ಟಿದ 129ನೆಯ ಸ್ಕ್ವಾಡ್ರನ್ನಿಗೆ ಮೈಸೂರಿನ ಹೆಸರನ್ನೂ ಗಂಡಭೇರುಂಡದ ಲಾಂಛನವನ್ನೂ ಕೊಟ್ಟರು. ಅರಮನೆಯ ಎರಡು ತಲೆಯ ಹಕ್ಕಿ ಹಾಗೆ ಇಂಗ್ಲಿಷ್ ಕಡಲ್ಗಾಲುವೆಯ ಮೇಲೆ ಸ್ಪಿಟ್‌ಫೈರುಗಳ ಜೊತೆಗೆ ಹಾರಿತು. ಅದೇ ವರ್ಷ ಸ್ಕಾಟ್ಲೆಂಡಿನಲ್ಲಿ ಕಟ್ಟಿದ 132ನೆಯ ಸ್ಕ್ವಾಡ್ರನ್ನಿನ ಹೆಸರು ‘ಸಿಟಿ ಆಫ್ ಬಾಂಬೆ’. ಅದು 1945ರ ಆರಂಭದಲ್ಲಿ ಪೂರ್ವಕ್ಕೆ ಬಂದಾಗಲೂ ನೆಲೆಯೂರಿದ್ದು ಸಿಂಹಳದ ವವುನಿಯಾದಲ್ಲಿ, ವಿಸರ್ಜನೆಗೊಂಡದ್ದು 1946ರಲ್ಲಿ ಹಾಂಗ್‌ಕಾಂಗಿನಲ್ಲಿ. ಮುಂಬಯಿಯ ಹೆಸರು ಹೊತ್ತ ದಳಕ್ಕೆ ಮುಂಬಯಿ ನೆಲೆಯಾಗಲಿಲ್ಲ, ಮುಂಬಯಿಯ ಕೆಸರಿನಲ್ಲಿ ಕಾಲೂರಿ ನಿಂತ ಫ್ಲೈಟಿಗೆ ಸಿಕ್ಕಿದ್ದು ಬರಿಯ ಒಂದು ಸಂಖ್ಯೆ.

ಇದೇ ನಗರ 1942ರ ಆಗಸ್ಟ್ 8ರಂದು ಗೋವಾಲಿಯಾ ಟ್ಯಾಂಕಿನಲ್ಲಿ ‘ಭಾರತ ಬಿಟ್ಟು ತೊಲಗಿ’ ಎಂದು ನಿರ್ಣಯಿಸಿದ ನಗರವೂ ಹೌದು. ಸಮವಸ್ತ್ರ ತೊಟ್ಟ ಭಾರತೀಯ ತರುಣನಿಗೆ ರಜೆಯ ದಿನ ಲೋಕಲ್ ಗಾಡಿಯಲ್ಲಿ ಖಾದಿ ತೊಟ್ಟ ತನ್ನ ಓರಗೆಯವನ ಎದುರು ಕೂರುವುದು ಹೇಗಿದ್ದಿರಬೇಕೆಂಬುದನ್ನು ದಾಖಲೆ ಪುಸ್ತಕಗಳು ಹೇಳುವುದಿಲ್ಲ, ಅವುಗಳಲ್ಲಿ ಅದಕ್ಕೆ ಅಂಕಣವೇ ಇಲ್ಲ. 1944ರ ಮೇ ತಿಂಗಳಲ್ಲಿ ಸೆರೆಯಿಂದ ಬಿಡುಗಡೆಯಾದ ಗಾಂಧೀಜಿ ಆರೋಗ್ಯ ಸುಧಾರಿಸಿಕೊಳ್ಳಲು ಉಳಿದದ್ದು ಜುಹುವಿನ ಕಡಲತೀರದ ಶಾಂತಿಕುಮಾರ್ ಮೊರಾರ್ಜಿಯವರ ಮನೆಯಲ್ಲಿ. ಅವರು ಸಂಜೆ ನಡೆದಾಡುತ್ತಿದ್ದ ಮರಳಿಗೂ ವಿಮಾನ ಮೈದಾನದ ಬೇಲಿಗೂ ನಡುವಿನ ಅಂತರ ಅಷ್ಟೇನೂ ಇಲ್ಲ. 1946ರ ಫೆಬ್ರವರಿಯಲ್ಲಿ ನೌಕಾಪಡೆಯ ತಲ್ವಾರ್ ನೆಲೆಯಲ್ಲಿ ನಾವಿಕರು ಬಂಡೆದ್ದಾಗ ಮುಂಬಯಿಯ ಶಿಬಿರಗಳ ವಾಯುಪಡೆ ಸಿಬ್ಬಂದಿಯೂ ಸಹಾನುಭೂತಿಯ ಮುಷ್ಕರ ಹೂಡಿದರು. ಆ ಹೊತ್ತಿಗೆ ‘ರಾಯಲ್’ ಎಂಬ ವಿಶೇಷಣ ಪಡೆದು ವರ್ಷವೂ ತುಂಬಿರದ ಪಡೆ ಅದು.

ಇಂದಿನ ಜುಹುವಿನಲ್ಲಿ 1,143 ಮೀಟರಿನ ಮುಖ್ಯ ಓಡುದಾರಿಯ ಪಶ್ಚಿಮದ ತುದಿ ಕಡಲಿನ ಹತ್ತಿರಕ್ಕೆ ಬಂದು ನಿಲ್ಲುತ್ತದೆ. ಅದನ್ನು ಸಮುದ್ರದೊಳಕ್ಕೇ ಚಾಚುವ ಯೋಜನೆ ಕೆಲವು ವರ್ಷಗಳ ಹಿಂದೆ ಚರ್ಚೆಗೆ ಬಂದಿತ್ತು. ಬೇಲಿಯ ಹೊರಗೆ ಜೋಪಡಿಗಳು, ಎತ್ತರದ ಮಿತಿಗೆ ಒಳಪಟ್ಟು ಒಂದೇ ಮಟ್ಟಕ್ಕೆ ನಿಂತ ವಸತಿ ಕಟ್ಟಡಗಳು, ಬೆಳಗಿನ ಆರು ಗಂಟೆಗೆ ಇಡ್ಲಿಯ ಹಬೆ ಏಳುವ ಉಡುಪಿ ಹೋಟೆಲುಗಳು. ಒಳಗೆ, ಬಾಂಬೆ ಹೈ ಎಂಬ ಸಮುದ್ರದ ತೈಲಕ್ಷೇತ್ರಕ್ಕೆ ಕೆಲಸಗಾರರನ್ನು ಒಯ್ಯುವ ಹೆಲಿಕಾಪ್ಟರುಗಳು ಸಾಲಾಗಿ ನಿಂತಿರುತ್ತವೆ. ನಸುಕಿನಲ್ಲಿ ಮೆಕ್ಯಾನಿಕ್ ಅವುಗಳ ಸುತ್ತ ಒಂದು ಪ್ರದಕ್ಷಿಣೆ ಬರುತ್ತಾನೆ, ಕೈದೀಪ ಹಿಡಿದು ಕೆಳಗೆ ಬಗ್ಗಿ ನೋಡುತ್ತಾನೆ, ಎಣ್ಣೆಯ ಕೈಯನ್ನು ಬಟ್ಟೆಗೆ ಒರೆಸಿಕೊಂಡು ಕಡತದಲ್ಲಿ ಸಹಿ ಮಾಡುತ್ತಾನೆ. ಪೈಲಟ್ಟಿನ ಸಹಿ ಅದರ ಕೆಳಗೆ ಬೀಳುತ್ತದೆ. ಆಮೇಲೆ ಹೆಲಿಕಾಪ್ಟರ್ ವಾಪಿಟಿಗಳು ಹೋಗುತ್ತಿದ್ದ ಕಡೆಗೇ, ಪಶ್ಚಿಮಕ್ಕೆ, ನೀರಿನ ಮೇಲೆ ತಿರುಗುತ್ತದೆ.